ವೈದ್ಯರು ಬರೆದ ನಿದ್ದೆ ಮಾತ್ರೆಯನ್ನು ಬಳಸುವುದು ಹೇಗೆ, ಬಿಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನಿದ್ದೆ ಬಾರದವರ ಮುಂದೆ ಹೇಳಬೇಡಿ. ಚಿಂತೆ ಬಿಟ್ಟರೆ ನಿದ್ದೆ ಬರುತ್ತದೆ ಎಂಬುದು ನಮಗೂ ಗೊತ್ತು. ಬಿಡುವುದು ಹೇಗೆ ಎಂಬುದೇ ಗೊತ್ತಾಗುವುದಿಲ್ಲ. ರಾತ್ರಿ 2 ಗಂಟೆಗೆ ಎದೆ ಡವಡವ ಎನ್ನುತ್ತಿರುತ್ತದೆ. ನಾಳೆಯ ಕೆಲಸ ನೆನಪಾಗುತ್ತದೆ. ಈಗ ನಿದ್ದೆ ಬಾರದಿದ್ದರೆ ನಾಳೆ ಏನು ಗತಿ ಎಂಬ ಇನ್ನೊಂದು ಚಿಂತೆ ಅದರ ಮೇಲೆ ಬಂದು ಕೂರುತ್ತದೆ. ಆತಂಕ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮರುದಿನದ ಆತಂಕವನ್ನು ಜಾಸ್ತಿ ಮಾಡುತ್ತದೆ.

ಇಂಥ ಹೊತ್ತಿನಲ್ಲಿ ವೈದ್ಯರು ಮಾತ್ರೆ ಬರೆಯುತ್ತಾರೆ. ನಾನೂ ತೆಗೆದುಕೊಂಡಿದ್ದೇನೆ. ಮೊದಲ ರಾತ್ರಿ ಏಳು ಗಂಟೆ ಮಲಗಿ ಎದ್ದಾಗ ಅತ್ತುಬಿಟ್ಟಿದ್ದೆ, ಅಷ್ಟು ಸಮಾಧಾನವಾಗಿತ್ತು. ಆದರೆ ಎರಡು ವಾರಕ್ಕೆಂದು ಶುರುವಾದ ಮಾತ್ರೆ ಒಂದು ವರ್ಷ ದಾಟಿತು. ಯಾಕೆಂದರೆ ಯಾವಾಗ ನಿಲ್ಲಿಸಬೇಕು ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಆ ಮೊದಲ ದಿನ ಯಾರಾದರೂ ನನ್ನ ಕೈಗೆ ಕೊಡಬೇಕಿತ್ತು ಎನಿಸುವ ಮಾಹಿತಿಯನ್ನೆಲ್ಲ ಇಲ್ಲಿ ಬರೆದಿದ್ದೇನೆ. ಯಾವ ಮಾತ್ರೆ, ಎಷ್ಟು ಡೋಸ್ ಎಂಬ ತೀರ್ಮಾನ ನಿಮ್ಮ ವೈದ್ಯರದ್ದೇ. ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದು ನಮ್ಮ ಕೆಲಸ.

ಹಂತ 1: ಮಾತ್ರೆಗೆ ಮುಂಚೆ ನಿದ್ದೆಯ ಲೆಕ್ಕ ಬರೆಯಿರಿ

ಪರೀಕ್ಷೆ, ಜಗಳ, ಸಾವು ಇಂಥ ಕಾರಣಕ್ಕೆ ನಾಲ್ಕು ದಿನ ನಿದ್ದೆ ಕೆಡುವುದು ಬೇರೆ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟು, ಹಗಲಿನ ಬದುಕಿಗೂ ಅದರಿಂದ ತೊಂದರೆಯಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ.

ಸಾಧ್ಯವಿದ್ದರೆ ವೈದ್ಯರನ್ನು ಕಾಣುವ ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಹಾಸಿಗೆಗೆ ಹೋಗಿದ್ದು ಎಷ್ಟು ಹೊತ್ತಿಗೆ, ನಿದ್ದೆ ಹತ್ತಲು ಸುಮಾರು ಎಷ್ಟು ಹೊತ್ತು ಬೇಕಾಯಿತು, ಎಷ್ಟು ಸಲ ಎಚ್ಚರವಾಯಿತು, ಬೆಳಗ್ಗೆ ಎದ್ದಿದ್ದು ಯಾವಾಗ, ಹಗಲು ಮಲಗಿದ್ದುಂಟಾ, ಕೊನೆಯ ಕಾಫಿ ಅಥವಾ ಟೀ ಯಾವಾಗ, ಆ ದಿನ ಆತಂಕ ಹತ್ತಕ್ಕೆ ಎಷ್ಟು ಎಂಬುದೆಲ್ಲ ಅದರಲ್ಲಿರಲಿ. ಇದನ್ನು ಬೆಳಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಿರಿ. ರಾತ್ರಿ ಗಡಿಯಾರ ನೋಡಿ ಬರೆಯಲು ಹೋದರೆ ಅದೇ ಹೊಸ ಆತಂಕವಾಗುತ್ತದೆ. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡುವುದು ಇನ್ನೂ ಒಳ್ಳೆಯದು.

ಈ ಪುಸ್ತಕ ಯಾಕೆ ಬೇಕು? ನಿದ್ದೆ ಹತ್ತುವುದೇ ಕಷ್ಟವಾದವರಿಗೂ, ನಿದ್ದೆ ಬಂದು ಮೂರು ಗಂಟೆಗೆ ಎಚ್ಚರವಾಗುವವರಿಗೂ ಕೊಡುವ ಮಾತ್ರೆ ಬೇರೆ ಬೇರೆ. "ಡಾಕ್ಟ್ರೇ, ನಿದ್ದೆನೇ ಬರಲ್ಲ" ಎಂದಷ್ಟೇ ಹೇಳಿದರೆ ಅವರು ಊಹೆಯ ಮೇಲೆ ಬರೆಯಬೇಕಾಗುತ್ತದೆ. ಮುಂದೆ ಮಾತ್ರೆ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲೂ ಈ ಪುಸ್ತಕ ಬೇಕು. ನಿದ್ದೆ ಮಾಡಿದ ಹೊತ್ತನ್ನು ಹಾಸಿಗೆಯಲ್ಲಿ ಕಳೆದ ಹೊತ್ತಿನಿಂದ ಭಾಗಿಸಿ ನೂರರಿಂದ ಗುಣಿಸಿ. 8 ಗಂಟೆ ಹಾಸಿಗೆಯಲ್ಲಿದ್ದು 5 ಗಂಟೆ ಮಲಗಿದ್ದರೆ ಶೇ. 62ರ ಆಸುಪಾಸು. ಶೇ. 85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚೆನ್ನಾಗಿದೆ ಎಂದು ಸಾಮಾನ್ಯವಾಗಿ ಲೆಕ್ಕ.

ಹಂತ 2: ವೈದ್ಯರ ಬಳಿ ಏನನ್ನೂ ಮುಚ್ಚಿಡಬೇಡಿ

ಗೊರಕೆ ಹೊಡೆಯುತ್ತೀರಾ? ನಿದ್ದೆಯಲ್ಲಿ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದ್ದುಂಟಾ? ಇದನ್ನು ಮೊದಲು ಹೇಳಿ. ಅದು ಸ್ಲೀಪ್ ಆಪ್ನಿಯಾ ಇರಬಹುದು. ಮಂಪರು ತರುವ ಹಲವು ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಸಡಿಲ ಮಾಡುತ್ತವೆ, ಉಸಿರು ನಿಂತಾಗ ಎಚ್ಚರವಾಗುವುದನ್ನೂ ತಡ ಮಾಡುತ್ತವೆ. ಹಾಗಾಗಿ ಆಪ್ನಿಯಾ ಇದ್ದವರಿಗೆ ಇವು ಅಪಾಯಕಾರಿ.

ಥೈರಾಯ್ಡ್ ತೊಂದರೆ, ಸಂಜೆಯಾದರೆ ಕಾಲು ಆಡಿಸಬೇಕು ಎನಿಸುವ ಚಡಪಡಿಕೆ (ಇದಕ್ಕೆ ಕಬ್ಬಿಣದ ಕೊರತೆಯೂ ಕಾರಣವಿರಬಹುದು), ನೋವು, ಸ್ಟೆರಾಯ್ಡ್ ಮಾತ್ರೆ, ಇವೂ ನಿದ್ದೆ ಕೆಡಿಸುತ್ತವೆ. ಮೂಲ ಕಾರಣ ಅಲ್ಲಿದ್ದರೆ ನಿದ್ದೆ ಮಾತ್ರೆ ಬೇಕಾಗದೆಯೂ ಇರಬಹುದು. ಲಿವರ್ ಮತ್ತು ಶ್ವಾಸಕೋಶದ ಕಾಯಿಲೆ, ಗರ್ಭಿಣಿಯಾಗಿರುವುದು ಅಥವಾ ಆ ಯೋಚನೆ ಇರುವುದು, ಹಾಲೂಡಿಸುತ್ತಿರುವುದು, ವಯಸ್ಸು 65 ದಾಟಿರುವುದು, ಇವೆಲ್ಲ ಮಾತ್ರೆಯ ಆಯ್ಕೆಯನ್ನು ಬದಲಿಸುತ್ತವೆ. ನಿದ್ದೆಯೇ ಇಲ್ಲದೆ ದಿನಗಟ್ಟಲೆ ವಿಪರೀತ ಹುರುಪಿನಿಂದ ಓಡಾಡಿದ ಕಾಲ ಹಿಂದೆಂದಾದರೂ ಇದ್ದರೆ ಅದನ್ನೂ ಹೇಳಿ. ಬೈಪೋಲಾರ್ ಕಾಯಿಲೆ ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಮದ್ಯದ ವಿಷಯವನ್ನು ಜನ ಕಡಿಮೆ ಮಾಡಿ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬದುಕು ಸಾಕು ಎನಿಸುತ್ತಿದ್ದರೆ ಅದನ್ನೂ ಹೇಳಿ, ನಾಚಿಕೆಪಡುವ ವಿಷಯ ಅಲ್ಲವೇ ಅಲ್ಲ. ಆಗ ವೈದ್ಯರು ಒಮ್ಮೆಗೆ ಕಡಿಮೆ ಮಾತ್ರೆ ಕೊಟ್ಟು ಬೇಗ ಬೇಗ ಕರೆಯುತ್ತಾರೆ, ಬೇರೆ ಸಹಾಯವನ್ನೂ ಕೊಡಿಸುತ್ತಾರೆ.

ಹಂತ 3: ನಿಮ್ಮ ಕೈಯಲ್ಲಿರುವುದು ಯಾವ ಗುಂಪಿನ ಮಾತ್ರೆ?

ಎಲ್ಲದಕ್ಕೂ ನಾವು "ನಿದ್ದೆ ಮಾತ್ರೆ" ಎಂದೇ ಹೆಸರಿಟ್ಟುಬಿಡುತ್ತೇವೆ. ಒಳಗಿರುವುದು ಬೇರೆ ಬೇರೆ. ಮಾತ್ರೆಪಟ್ಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ.

ಅಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್ ಇವು ಬೆಂಜೊಡಯಾಜೆಪಿನ್ (ಚಿಕ್ಕದಾಗಿ ಬೆಂಜೊ) ಗುಂಪಿನವು. ಈ ಗುಂಪಿನ ಮೊದಲ ಔಷಧ 1960ರಲ್ಲಿ ಬಂತು, ಡಯಾಜೆಪಾಮ್ 1963ರಲ್ಲಿ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಕೋಶಗಳಿಗೆ "ಸಾಕು, ನಿಧಾನ" ಎಂದು ಹೇಳುವುದು ಅದರ ಕೆಲಸ. ಈ ಮಾತ್ರೆಗಳು ಆ ಮಾತಿಗೆ ಬಲ ಕೊಡುತ್ತವೆ. ಆದ್ದರಿಂದಲೇ ಗಾಬರಿ, ಎದೆಬಡಿತ, ಸ್ನಾಯುಗಳ ಬಿಗಿತ ಎಲ್ಲ ಒಟ್ಟಿಗೆ ಇಳಿಯುತ್ತವೆ. ಅರ್ಧ ಗಂಟೆ, ಒಂದು ಗಂಟೆಯಲ್ಲೇ ಹಿತ ಎನಿಸುತ್ತದೆ. ಇವು ಅಭ್ಯಾಸವಾಗಿಬಿಡುವುದೂ ಅದಕ್ಕೇ.

ಈ ಗುಂಪಿನೊಳಗೂ ದೊಡ್ಡ ವ್ಯತ್ಯಾಸವಿದೆ. ರಕ್ತದಲ್ಲಿ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಅಲ್ಪ್ರಜೋಲಾಮ್‌ಗೆ ಸುಮಾರು 11 ಗಂಟೆ ಬೇಕು, ಕ್ಲೊನಾಜೆಪಾಮ್‌ಗೆ 30ರಿಂದ 40 ಗಂಟೆ. ಡಯಾಜೆಪಾಮ್ ಇನ್ನೂ ಹೆಚ್ಚು ಕಾಲ ದೇಹದಲ್ಲಿರುತ್ತದೆ. ಬೇಗ ಇಳಿಯುವ ಮಾತ್ರೆಯಲ್ಲಿ ಎರಡು ಡೋಸ್‌ಗಳ ನಡುವೆಯೇ ಆತಂಕ ಮತ್ತೆ ತಲೆ ಎತ್ತಬಹುದು. ನಿಧಾನ ಇಳಿಯುವುದರಲ್ಲಿ ಮರುದಿನವೂ ಮಂಕು ಉಳಿಯಬಹುದು, ದಿನೇ ದಿನೇ ಔಷಧ ಮೈಯಲ್ಲಿ ಸೇರುತ್ತಾ ಹೋಗಬಹುದು. ಇನ್ನೊಂದು ಮಾತು. ಮಿಗ್ರಾಂ ಸಂಖ್ಯೆ ನೋಡಿ ಬಲ ಅಳೆಯಬೇಡಿ. ಅಲ್ಪ್ರಜೋಲಾಮ್ 0.5 ಮಿಗ್ರಾಂ ಎಂದರೆ ಸಣ್ಣದು ಎನಿಸುತ್ತದೆ, ಆದರೆ ಡಯಾಜೆಪಾಮ್ 5 ಮಿಗ್ರಾಂಗಿಂತ ಅದು ಕಡಿಮೆಯೇನಲ್ಲ. ಒಂದು ಮಾತ್ರೆ ಸಿಗಲಿಲ್ಲ ಎಂದು ಇನ್ನೊಂದನ್ನು ನೀವೇ ಹೊಂದಿಸಿಕೊಳ್ಳಲು ಹೋಗಬೇಡಿ.

ಜೋಲ್ಪಿಡೆಮ್, ಜೋಪಿಕ್ಲೋನ್, ಎಸ್‌ಜೋಪಿಕ್ಲೋನ್ ಗಾಬಾ ದಾರಿಯಲ್ಲೇ ಕೆಲಸ ಮಾಡುತ್ತವೆ, ಆದರೆ ನಿದ್ದೆಗೆಂದೇ ಮಾಡಿದವು. ಆತಂಕಕ್ಕೆ ಇವು ಮದ್ದಲ್ಲ. ಜೋಲ್ಪಿಡೆಮ್ 2-3 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಿದ್ದೆ ಹತ್ತಲು ಒಳ್ಳೆಯದು, ಬೆಳಗಿನ ಜಾವದ ಎಚ್ಚರಕ್ಕೆ ಅಷ್ಟಾಗಿ ಅಲ್ಲ. ಹೆಂಗಸರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೆಂಗಸರಿಗೆ ಆರಂಭದ ಡೋಸನ್ನು 10 ಮಿಗ್ರಾಂನಿಂದ 5ಕ್ಕೆ ಇಳಿಸಿತು. ಹೆಣ್ಣುಮಕ್ಕಳು ತಮ್ಮ ಚೀಟಿಯಲ್ಲಿ 10 ಎಂದಿದ್ದರೆ ಒಮ್ಮೆ ಕೇಳುವುದು ತಪ್ಪಲ್ಲ.

ಖಿನ್ನತೆಗೆ ಕೊಡುವ ಕೆಲವು ಔಷಧಗಳನ್ನು ಕಡಿಮೆ ಡೋಸ್‌ನಲ್ಲಿ ನಿದ್ದೆಗೂ ಬರೆಯುತ್ತಾರೆ. ಡಾಕ್ಸೆಪಿನ್ 3 ಅಥವಾ 6 ಮಿಗ್ರಾಂ ಬೆಳಗಿನ ಜಾವದ ಎಚ್ಚರಕ್ಕೆ ನೆರವಾಗುತ್ತದೆ. ಮಿರ್ಟಜಪಿನ್ ನಿದ್ದೆಯ ಜೊತೆ ಹಸಿವನ್ನೂ ಹೆಚ್ಚಿಸುತ್ತದೆ, ತೂಕ ಏರಬಹುದು. ಟ್ರಜೋಡೋನ್ ತೆಗೆದುಕೊಂಡು ಥಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು. ಇವು ಬೆಂಜೊಗಳಂತೆ ಚಟ ಹಿಡಿಸುವುದಿಲ್ಲ. ಆದರೂ ಇವನ್ನೂ ಒಮ್ಮೆಲೇ ಬಿಡಬಾರದು. ಮೆದುಳನ್ನು ಎಚ್ಚರವಾಗಿಡುವ ಓರೆಕ್ಸಿನ್ ಎಂಬ ರಾಸಾಯನಿಕವನ್ನು ತಡೆಯುವ ಸುವೊರೆಕ್ಸಾಂಟ್, ಲೆಂಬೊರೆಕ್ಸಾಂಟ್‌ನಂಥ ಹೊಸ ಮಾತ್ರೆಗಳೂ ಇವೆ. ಇವು ಮಂಪರು ಹೇರುವ ಬದಲು ಎಚ್ಚರವಾಗಿರಿಸುವ ಸಂಕೇತವನ್ನು ತಗ್ಗಿಸುತ್ತವೆ.

ಶೀತ, ಅಲರ್ಜಿಗೆ ಅಂಗಡಿಯಲ್ಲಿ ಸುಮ್ನೆ ಸಿಗುವ ಮಂಪರಿನ ಮಾತ್ರೆಗಳನ್ನು ದಿನವೂ ನಿದ್ದೆಗೆ ಬಳಸಬೇಡಿ. ವಯಸ್ಸಾದವರಿಗಂತೂ ಅವು ಗೊಂದಲ, ಮೂತ್ರ ಕಟ್ಟುವುದು, ಬೀಳುವುದು ಎಲ್ಲವನ್ನೂ ತರುತ್ತವೆ.

ಹಂತ 4: ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಬರೆಸಿಕೊಳ್ಳಿ

ನಾನು ತಪ್ಪಿದ್ದು ಇಲ್ಲಿ. ಚೀಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವುದಕ್ಕೆ, ನಿದ್ದೆಗೋ ಆತಂಕಕ್ಕೋ? ದಿನವೂ ತೆಗೆದುಕೊಳ್ಳಬೇಕಾ, ತೀರಾ ಬೇಕಾದ ರಾತ್ರಿ ಮಾತ್ರವಾ? ಎಷ್ಟು ವಾರ, ಆಮೇಲೆ ಹೇಗೆ ಬಿಡಬೇಕು? ಉತ್ತರವನ್ನು ಚೀಟಿಯ ಮೇಲೆಯೇ ಬರೆದುಕೊಳ್ಳಿ.

ಬೆಂಜೊಡಯಾಜೆಪಿನ್‌ಗಳನ್ನು ಸಾಮಾನ್ಯವಾಗಿ 2ರಿಂದ 4 ವಾರ ದಾಟದಂತೆ ಕೊಡುವುದು ಒಳ್ಳೆಯ ಪದ್ಧತಿ. ದೀರ್ಘಕಾಲದ ಆತಂಕಕ್ಕೆ ಮುಖ್ಯ ಔಷಧ ಬೇರೆ. ಎಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ಅದಕ್ಕೆ ಮೊದಲು ಕೊಡುತ್ತಾರೆ. ತೊಂದರೆ ಏನೆಂದರೆ ಅವು ಕೆಲಸ ಶುರು ಮಾಡಲು 4ರಿಂದ 6 ವಾರ ಬೇಕಾಗಬಹುದು, ಮೊದಲ ಒಂದೆರಡು ವಾರ ಚಡಪಡಿಕೆ ಹೆಚ್ಚಾಗಲೂಬಹುದು. ಆ ಅಂತರವನ್ನು ದಾಟಿಸಲು ವೈದ್ಯರು ಜೊತೆಗೆ ಸ್ವಲ್ಪ ದಿನ ಕ್ಲೊನಾಜೆಪಾಮ್‌ನಂಥದ್ದನ್ನು ಸೇರಿಸುತ್ತಾರೆ. ಎರಡು ಮಾತ್ರೆಯಲ್ಲಿ ಯಾವುದು ದಡ, ಯಾವುದು ದೋಣಿ ಎಂದು ತಿಳಿದಿರಲಿ. ಎಷ್ಟೋ ಜನ ತಕ್ಷಣ ಹಿತ ಕೊಡುವುದನ್ನು ಇಟ್ಟುಕೊಂಡು, "ಇದು ಏನೂ ಮಾಡ್ತಿಲ್ಲ" ಎಂದು ನಿಜವಾದ ಔಷಧವನ್ನೇ ಎರಡನೇ ವಾರ ಬಿಟ್ಟುಬಿಡುತ್ತಾರೆ.

ಹಂತ 5: ಮಾತ್ರೆಯ ರಾತ್ರಿ

ಮೊದಲ ಡೋಸನ್ನು ಮರುದಿನ ಬೆಳಗ್ಗೆ ಗಾಡಿ ಓಡಿಸಬೇಕಿಲ್ಲದ ರಾತ್ರಿ ತೆಗೆದುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ತಿಳಿಸಿ.

ಜೋಲ್ಪಿಡೆಮ್‌ನಂಥ ಮಾತ್ರೆ ತುಂಬಿದ ಹೊಟ್ಟೆಯಲ್ಲಿ ನಿಧಾನವಾಗುತ್ತದೆ. ಡಾಕ್ಸೆಪಿನ್ ಆದರೆ ಊಟ ಮುಗಿದು 3 ಗಂಟೆ ಕಳೆದಿರಬೇಕು. ಹಾಸಿಗೆ ಹಾಸಿ, ಹಲ್ಲುಜ್ಜಿ, ಬಾಗಿಲು ಹಾಕಿ, ಒಲೆ ಆರಿದೆಯಾ ನೋಡಿ, ಫೋನ್ ದೂರ ಇಟ್ಟು, ಆಮೇಲೆ ಮಾತ್ರೆ. ಮಾತ್ರೆ ನುಂಗಿದ ಮೇಲೆ ಮಲಗುವುದೊಂದೇ ಕೆಲಸ. ನಾನೊಮ್ಮೆ ಮಾತ್ರೆ ನುಂಗಿ ಫೋನ್ ಹಿಡಿದು ಕೂತೆ. ಬೆಳಗ್ಗೆ ನೋಡಿದರೆ ಮೂರು ಜನರಿಗೆ ಉದ್ದುದ್ದ ಸಂದೇಶ ಹೋಗಿತ್ತು. ಒಂದಕ್ಷರವೂ ನೆನಪಿರಲಿಲ್ಲ. ನನ್ನದು ಅಷ್ಟಕ್ಕೇ ಮುಗಿಯಿತು. ಕೆಲವರು ಅರೆನಿದ್ದೆಯಲ್ಲಿ ಅಡುಗೆ ಮಾಡಿದ್ದಾರೆ, ಗಾಡಿ ಓಡಿಸಿದ್ದಾರೆ, ಪ್ರಾಣವೂ ಹೋಗಿದೆ. ಈ ಕಾರಣಕ್ಕೇ 2019ರಲ್ಲಿ ಅಮೆರಿಕದಲ್ಲಿ ಜೋಲ್ಪಿಡೆಮ್, ಎಸ್‌ಜೋಪಿಕ್ಲೋನ್ ಮಾತ್ರೆಗಳ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು. ಒಮ್ಮೆ ಹೀಗಾದರೂ ಆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ದಿನವೂ ತೆಗೆದುಕೊಳ್ಳುತ್ತಿದ್ದವರಾದರೆ ಅದೇ ದಿನ ವೈದ್ಯರೊಡನೆ ಮಾತಾಡಿ.

ಏಳಲು ಇನ್ನು 7-8 ಗಂಟೆ ಇದ್ದರೆ ಮಾತ್ರ ತೆಗೆದುಕೊಳ್ಳಿ. ಮರೆತು ರಾತ್ರಿ 2 ಆಯಿತಾ, ಆ ರಾತ್ರಿ ಬಿಟ್ಟುಬಿಡಿ. ನಡುರಾತ್ರಿ ಎಚ್ಚರವಾಯಿತೆಂದು ಎರಡನೆಯದನ್ನು ನುಂಗಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ಮುರಿಯಬಾರದು, ಅಗಿಯಬಾರದು.

ಮಾತ್ರೆಪಟ್ಟಿಯನ್ನು ತಲೆದಿಂಬಿನ ಪಕ್ಕ ಇಡಬೇಡಿ. ಮಂಪರಿನಲ್ಲಿ "ತಗೊಂಡ್ನಾ ಇಲ್ವಾ" ಎಂಬ ಅನುಮಾನದಲ್ಲಿ ಮತ್ತೊಂದು ನುಂಗುವುದು ನಿಜಕ್ಕೂ ನಡೆಯುತ್ತದೆ. ನುಂಗಿದ ತಕ್ಷಣ ಪುಸ್ತಕದಲ್ಲಿ ಗುರುತು ಹಾಕಿ, ಪಟ್ಟಿಯನ್ನು ಬೇರೆ ಕೋಣೆಯಲ್ಲಿಡಿ, ಮಕ್ಕಳ ಕೈಗೆ ಸಿಗದಂತೆ.

ಹಂತ 6: ಮರುದಿನ ನಿಮ್ಮನ್ನು ನೀವೇ ಗಮನಿಸಿ

ಮಂಪರು ಇಳಿದಿದೆ ಎಂದು ನಮಗೆ ಅನಿಸಿದರೂ ಕೈಕಾಲಿನ ಚುರುಕು ವಾಪಸ್ ಬಂದಿರುವುದಿಲ್ಲ. ಮೊದಲ ಕೆಲವು ದಿನ, ಡೋಸ್ ಬದಲಾದ ದಿನ ಗಾಡಿ, ಯಂತ್ರ, ಏಣಿ ಬೇಡ. ಹೊಸ ವಿಷಯ ನೆನಪಿಡುವುದು ಕಷ್ಟವಾಗುತ್ತಿದೆಯಾ, ಸಿಡಿಮಿಡಿ ಜಾಸ್ತಿಯಾಗಿದೆಯಾ, ನಡೆಯುವಾಗ ತೂಗಾಡುತ್ತಿದ್ದೀರಾ ಎಂದು ಮನೆಯವರನ್ನು ಕೇಳಿ. ಅವರ ಕಣ್ಣಿಗೆ ಮೊದಲು ಕಾಣುತ್ತದೆ.

ಮನೆಯಲ್ಲಿ ಹಿರಿಯರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಸಣ್ಣ ದೀಪ ಇರಲಿ, ಜಾರುವ ಚಾಪೆ ತೆಗೆದುಬಿಡಿ. ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಈ ಮಾತ್ರೆಗಳ ದೊಡ್ಡ ಅಪಾಯ. 65 ದಾಟಿದವರಿಗೆ ಬೆಂಜೊಗಳನ್ನು ಆದಷ್ಟು ಬೇಡ ಎನ್ನುವುದು ಅದಕ್ಕೇ.

ಹಂತ 7: ಬೆರೆಸಬಾರದ್ದು

ಮದ್ಯ ಬೇಡ. ಒಂದು ಗುಟುಕು, ಬರೀ ಬಿಯರ್ ಎಂಬ ರಿಯಾಯಿತಿಯೂ ಬೇಡ. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಟ್ರಮಡಾಲ್, ಕೊಡೀನ್, ಮಾರ್ಫಿನ್‌ನಂಥ ಓಪಿಯಾಯ್ಡ್ (ಅಫೀಮಿನ ಬಗೆಯ) ನೋವಿನ ಮಾತ್ರೆಯ ಜೊತೆಗೂ ಅದೇ ಅಪಾಯ. ಕೊಡೀನ್ ಕೆಲವು ಕೆಮ್ಮಿನ ಸಿರಪ್‌ನಲ್ಲೂ ಇರುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಇಟ್ರಕೊನಜೋಲ್ ಎಂಬ ಫಂಗಸ್ ಔಷಧ, ಗ್ರೇಪ್‌ಫ್ರೂಟ್ ಎಂಬ ಹುಳಿಹಣ್ಣಿನ (ದ್ರಾಕ್ಷಿಯಲ್ಲ) ರಸ, ಇವು ಅಲ್ಪ್ರಜೋಲಾಮ್‌ನಂಥ ಕೆಲವು ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಹುದು. ಹಲ್ಲಿನ ವೈದ್ಯರೇ ಇರಲಿ, ಚರ್ಮದ ವೈದ್ಯರೇ ಇರಲಿ, ಹೊಸ ಔಷಧ ಬರೆಯುವಾಗ ಈ ಮಾತ್ರೆಯ ಹೆಸರು ಹೇಳಿ.

ಯಾರಾದರೂ ಮಾತ್ರೆಯ ನಂತರ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ "ಮಲಗಲಿ ಬಿಡಿ" ಎನ್ನಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಕ್ಷಣ ಆಂಬುಲೆನ್ಸ್ ಕರೆಯಿರಿ, ಮಾತ್ರೆಪಟ್ಟಿ ಜೊತೆಗೆ ಒಯ್ಯಿರಿ.

ಹಂತ 8: ಮಾತ್ರೆ ಕೆಲಸ ಮಾಡುತ್ತಿರುವಾಗಲೇ ನಿದ್ದೆಯನ್ನು ಕಲಿಯಿರಿ

ಮಾತ್ರೆ ಕೊಡುವ ಈ ಕೆಲವು ವಾರಗಳ ಬಿಡುವನ್ನು ವ್ಯರ್ಥ ಮಾಡಬೇಡಿ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಸಿಬಿಟಿ-ಐ ಎಂಬ ಮಾತು ಮತ್ತು ಅಭ್ಯಾಸದ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿತು. ಯುರೋಪಿನ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಅದರ ತಿರುಳು ಎರಡು. ನಿದ್ದೆ ಬಾರದೆ ಹಾಸಿಗೆಯಲ್ಲಿ ಒದ್ದಾಡುತ್ತಾ ಇರಬೇಡಿ. 15-20 ನಿಮಿಷವಾಯಿತು ಎನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ವಾಪಸ್ ಬನ್ನಿ. ಹಾಸಿಗೆ ಎಂದರೆ ಒದ್ದಾಟ ಎಂದು ಮೆದುಳು ಕಲಿತಿರುತ್ತದೆ, ಅದನ್ನು ಮರೆಸಬೇಕು. ಮಂಪರಿನ ಮಾತ್ರೆ ನುಂಗಿದ ರಾತ್ರಿ ಹೀಗೆ ಎದ್ದು ಓಡಾಡುವ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ, ಬೀಳುವ ಭಯವಿರುತ್ತದೆ. ಎರಡನೆಯದು, ನಿಜವಾಗಿ ಎಷ್ಟು ಹೊತ್ತು ಮಲಗುತ್ತೀರೋ ಅಷ್ಟಕ್ಕೇ ಹಾಸಿಗೆಯ ಹೊತ್ತನ್ನು ಇಳಿಸಿ, ನಿದ್ದೆ ಗಟ್ಟಿಯಾದ ಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು. 5 ಗಂಟೆಗಿಂತ ಕೆಳಗೆ ಇಳಿಸಬೇಡಿ. ಬೈಪೋಲಾರ್ ಅಥವಾ ಫಿಟ್ಸ್ ಇರುವವರು ಇದನ್ನು ತಾವಾಗಿಯೇ ಮಾಡಬಾರದು. ಮೊದಲ ವಾರ ಕಷ್ಟ, ನಾನು ಸುಳ್ಳು ಹೇಳುವುದಿಲ್ಲ. ಏಳುವ ಹೊತ್ತನ್ನು ಮಾತ್ರ ರಜಾದಿನವೂ ಬದಲಿಸದೆ ಹಿಡಿದಿಟ್ಟುಕೊಂಡಿದ್ದು ನನ್ನ ಕೈಹಿಡಿಯಿತು. ಕಾಫಿಯ ಅರ್ಧ ಪಾಲು ಹೊರಹೋಗಲು ಸುಮಾರು 5 ಗಂಟೆ ಬೇಕು, ಸಂಜೆಯ ಲೋಟ ರಾತ್ರಿಯೂ ಒಳಗಿರುತ್ತದೆ.

ಹಂತ 9: ಇಳಿಸುವುದು

ಮೊದಲಿನ ಡೋಸ್ ಸಾಲುತ್ತಿಲ್ಲ ಎನಿಸುವುದು, ಪಟ್ಟಿ ಖಾಲಿಯಾಗುವ ಮೊದಲೇ ಗಾಬರಿ, ಇನ್ನೊಬ್ಬ ವೈದ್ಯರಿಂದಲೂ ಚೀಟಿ ಪಡೆಯುವ ಯೋಚನೆ, ಇವು ಕಂಡರೆ ದೇಹ ಮಾತ್ರೆಗೆ ಒಗ್ಗಿದೆ ಎಂದರ್ಥ. ಇದು ನಿಮ್ಮ ನಡತೆಯ ದೋಷವಲ್ಲ. ಬರೆದುಕೊಟ್ಟಂತೆಯೇ ತೆಗೆದುಕೊಂಡವರಿಗೂ ಕೆಲವೇ ವಾರಗಳಲ್ಲಿ ಹೀಗಾಗಬಹುದು.

ಆಗ ಸಿಟ್ಟಿನಿಂದ ಎಲ್ಲವನ್ನೂ ಕಸಕ್ಕೆ ಹಾಕಬೇಡಿ. ದಿನವೂ ತೆಗೆದುಕೊಳ್ಳುತ್ತಿದ್ದ ಬೆಂಜೊವನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ಶಬ್ದ ಬೆಳಕು ಸಹಿಸಲಾಗದಿರುವುದು, ಕೊನೆಗೆ ಫಿಟ್ಸ್ ಕೂಡ ಬರಬಹುದು. ಫಿಟ್ಸ್ ಪ್ರಾಣಕ್ಕೇ ಎರವಾಗಬಹುದು. ವೈದ್ಯರ ಜೊತೆ ಕೂತು ಇಳಿಕೆಯ ಪಟ್ಟಿ ಮಾಡಿಸಿ. ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ಆಗಿನ ಡೋಸ್‌ನ ಶೇ. 5ರಿಂದ 10ರಷ್ಟು ಇಳಿಸುತ್ತಾರೆ. ಎರಡು ವಾರದಲ್ಲಿ ಶೇ. 25 ದಾಟಬಾರದು. ತಿಂಗಳುಗಳೇ ಹಿಡಿಯಬಹುದು. ಬೇಗ ಇಳಿಯುವ ಮಾತ್ರೆಯಿಂದ ಡಯಾಜೆಪಾಮ್‌ನಂಥ ನಿಧಾನದ್ದಕ್ಕೆ ಬದಲಿಸಿ ಇಳಿಸುವುದೂ ಉಂಟು.

ಪ್ರತಿ ಇಳಿಕೆಯ ನಂತರ ಕೆಲವು ರಾತ್ರಿ ನಿದ್ದೆ ಮೊದಲಿಗಿಂತ ಕೆಡುತ್ತದೆ. ಅದನ್ನು ನೋಡಿ "ನನ್ನ ಕಾಯಿಲೆ ವಾಪಸ್ ಬಂತು" ಎಂದು ನಾನು ಎರಡು ಸಲ ಮೊದಲಿನ ಡೋಸಿಗೆ ಮರಳಿದೆ. ಅದು ಕಾಯಿಲೆ ಆಗಿರಲಿಲ್ಲ, ಇಳಿಕೆಗೆ ದೇಹ ಕೊಟ್ಟ ಉತ್ತರ. ಮೂರನೇ ಸಲ ಪುಸ್ತಕ ನೋಡಿಕೊಂಡು ಕಾದೆ. ಎಂಟನೇ ರಾತ್ರಿಗೆ ನಿದ್ದೆ ತಾನಾಗಿ ಬಂತು. ತಡೆಯಲಾಗದಷ್ಟು ಕಷ್ಟವಾದರೆ ಅದೇ ಡೋಸ್‌ನಲ್ಲಿ ಇನ್ನೊಂದಿಷ್ಟು ದಿನ ನಿಲ್ಲಬಹುದು, ವೈದ್ಯರಿಗೆ ಫೋನ್ ಮಾಡಿ ಕೇಳಿ. ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಕೇಳಿಸಿದರೆ, ಸಾಯುವ ಯೋಚನೆ ಬಂದರೆ ನೇರ ಆಸ್ಪತ್ರೆಗೆ ಹೋಗಿ.

ಕೊನೆಯ ಮಾತ್ರೆ ಮುಗಿದ ಮೇಲೂ ಒಂದು ತಿಂಗಳು ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡಿ. ಡ್ರಾಯರ್‌ನಲ್ಲಿ ಉಳಿದ ಮಾತ್ರೆಗಳನ್ನು "ಯಾವುದಕ್ಕೂ ಇರಲಿ" ಎಂದು ಇಟ್ಟುಕೊಳ್ಳಬೇಡಿ, ನಿದ್ದೆ ಬರ್ತಿಲ್ಲ ಎನ್ನುವ ಸ್ನೇಹಿತರಿಗೂ ಕೊಡಬೇಡಿ. ಔಷಧಿ ಅಂಗಡಿಯವರು ವಾಪಸ್ ತೆಗೆದುಕೊಂಡರೆ ಅವರಿಗೆ ಕೊಡಿ. ಇಲ್ಲದಿದ್ದರೆ ಪಟ್ಟಿಯಿಂದ ಬಿಡಿಸಿ, ಬಳಸಿದ ಕಾಫಿಪುಡಿಯಲ್ಲೋ ಮಣ್ಣಿನಲ್ಲೋ ಕಲಸಿ, ಮುಚ್ಚಿದ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ.